ಲೆಕ್ಕ ಬರೆಯದ ಬೇಸಾಯ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಚಹಾದಂಗಡಿಗಳಲ್ಲೆಲ್ಲ ಅದೇ ಮಾತು. ಎಪ್ಪತ್ತು ವರ್ಷದ ಹಳೆಯ ಗೇಟು, ಅದನ್ನು ಕಾಲಕಾಲಕ್ಕೆ ನೋಡಿದವರು ಯಾರು? ನೋಡಿದ್ದರೆ ಬರೆದಿಟ್ಟ ದಾಖಲೆ ಎಲ್ಲಿ? ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನ ನಡುವೆಯೇ ಒಂದು ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರಿಸಿ ಉಳಿದ ನೀರನ್ನು ಉಳಿಸಿಕೊಟ್ಟರು. ಮಾತು ಮಾತ್ರ ತಿಂಗಳುಗಟ್ಟಲೆ ನಡೆಯಿತು. ತಪ್ಪೇನಿಲ್ಲ, ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅಷ್ಟು ಗಟ್ಟಿಯಾಗಿ ಕೇಳಿದವರಲ್ಲಿ ಎಷ್ಟು ಜನ ತಮ್ಮ ಹೊಲದ ಮುಂದೆ ನಿಂತು ಅದನ್ನೇ ಕೇಳಿಕೊಂಡಿದ್ದಾರೆ? ಈ ಮಣ್ಣನ್ನು ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಕಳೆದ ಬೆಳೆಗೆ ಹಾಕಿದ ಗೊಬ್ಬರವೆಷ್ಟು, ಹೊಡೆದ ಎಣ್ಣೆ ಯಾವುದು, ಯಾವ ತಾರೀಖಿಗೆ? ಬರೆದ ಪುಸ್ತಕ ಎಲ್ಲಿ?

ಇಲ್ಲ. ನೂರು ಮನೆ ತಿರುಗಿದರೂ ಇಂಥದೊಂದು ಪುಸ್ತಕ ಸಿಗುವುದು ಕಷ್ಟ. ಸಾಲದ ಚೀಟಿ ಸಿಗುತ್ತದೆ, ಪಹಣಿ ಸಿಗುತ್ತದೆ, ಬೆಳೆವಿಮೆಯ ರಸೀದಿ ಸಿಗುತ್ತದೆ. ಹೊಲದ ಲೆಕ್ಕ ಸಿಗುವುದಿಲ್ಲ. ಓಣಿಯ ಕಿರಾಣಿ ಅಂಗಡಿಯವನು ಖಾತೆ ಬರೆಯದೆ ಒಂದು ದಿನ ಬಾಗಿಲು ತೆರೆಯುವುದಿಲ್ಲ. ಲಕ್ಷಗಟ್ಟಲೆ ರೂಪಾಯಿ ಸುರಿದು ಹತ್ತು ಎಕರೆ ಮೆಣಸಿನಕಾಯಿ ಮಾಡುವವನು ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡಿರುತ್ತಾನೆ, ಮುಂದಿನ ಹಂಗಾಮಿನ ಹೊತ್ತಿಗೆ ಮರೆತಿರುತ್ತಾನೆ. ಕೇಳಿದರೆ ಒಂದೇ ಉತ್ತರ: "ನಡೀತೈತೆ ಬಿಡು." ಈ ಸೀಮೆಯ ನೆಲ ಕೆಡಿಸುತ್ತಿರುವುದು ಈ ಮಾತು. ಬರವಲ್ಲ, ನುಸಿಯಲ್ಲ, ದಲ್ಲಾಳಿಯೂ ಅಲ್ಲ.

ನೀರಿನಿಂದ ಶುರು ಮಾಡೋಣ. ಬಳ್ಳಾರಿ ಜಿಲ್ಲೆಗೆ ನೀರಾವರಿಯ ಕನಸು ಹುಟ್ಟಿದ್ದೇ ಬರದಲ್ಲಿ. 1860ರಲ್ಲೇ ಸರ್ ಆರ್ಥರ್ ಕಾಟನ್ ತುಂಗಭದ್ರೆಗೆ ಅಣೆಕಟ್ಟು ಬೇಕೆಂದಿದ್ದರು. 1876-78ರ ಬರಗಾಲದಲ್ಲಿ ಬಳ್ಳಾರಿ ಸೀಮೆ ಕಂಡ ಸಾವುನೋವು ಮದ್ರಾಸ್ ಪ್ರಾಂತದ ದಾಖಲೆಗಳಲ್ಲಿದೆ. ಅಣೆಕಟ್ಟು ಏಳುವ ಮೊದಲೇ, 1937ರಲ್ಲಿ, ಎರೆ ಭೂಮಿಗೆ ಕಾಲುವೆ ನೀರು ಹರಿಸಿದರೆ ಏನಾಗುತ್ತದೆ ಎಂದು ಪರೀಕ್ಷಿಸಲು ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆದರು. ಅಂದರೆ ಅಪಾಯ ಏನೆಂಬುದು ನೀರು ಬರುವ ಮುಂಚೆಯೇ ಗೊತ್ತಿತ್ತು. ಅದಕ್ಕೇ ಅಚ್ಚುಕಟ್ಟಿನ ಹೆಚ್ಚಿನ ಭಾಗವನ್ನು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆ ಗೊತ್ತು ಮಾಡಿದ್ದು. ಕಡಿಮೆ ನೀರನ್ನು ಹೆಚ್ಚು ಜನಕ್ಕೆ ಹಂಚಿ ಬರದಿಂದ ಉಳಿಸುವುದು ಯೋಜನೆಯ ಜೀವಾಳವಾಗಿತ್ತು.

ನಾವು ಮಾಡಿದ್ದೇನು? ನೀರು ಕಂಡಲ್ಲೆಲ್ಲ ಭತ್ತ ನಾಟಿ ಮಾಡಿದೆವು. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರು ಭತ್ತ ಕಲಿಸಿದರು, ತಪ್ಪು ಅವರದು ಎಂದು ಈಗಲೂ ಹೇಳುವವರಿದ್ದಾರೆ. ಕ್ಯಾಂಪುಗಳಲ್ಲಿ ಈಗ ಮೂರನೇ ತಲೆಮಾರು ಬೇಸಾಯ ಮಾಡುತ್ತಿದೆ, ಊರವರೂ ಅಷ್ಟೇ ಹುರುಪಿನಿಂದ ಭತ್ತ ಬೆಳೆಯುತ್ತಿದ್ದಾರೆ. ಆ ನೆಪ ಸಾಕು. ಮೇಲ್ಭಾಗದವರು ತೂಬು ಒಡೆದು, ಕಾಲುವೆಗೆ ಪಂಪ್‌ಸೆಟ್ ಇಳಿಸಿ ಮಡಿಯಲ್ಲಿ ಮೊಣಕಾಲುದ್ದ ನೀರು ನಿಲ್ಲಿಸುತ್ತಾರೆ. ಕೊನೆ ಭಾಗದವರು ಒಣಗಿದ ಪೈರು ಹಿಡಿದು ಪ್ರತಿ ವರ್ಷ ರಸ್ತೆಗೆ ಬರುತ್ತಾರೆ. ಇಬ್ಬರೂ ಒಂದೇ ತಾಲ್ಲೂಕಿನವರು, ಬಹಳ ಸಲ ನೆಂಟರು. ರೈತನಿಗೆ ಅನ್ಯಾಯವಾಗಿದೆ ಎಂದು ಕೂಗುವಾಗ ಆ ಅನ್ಯಾಯದಲ್ಲಿ ಅರ್ಧ ಪಾಲು ಮೇಲಿನ ತೂಬಿನ ರೈತನದೆಂದು ಹೇಳುವ ಧೈರ್ಯ ಯಾವ ಸಂಘಟನೆಗೂ ಇಲ್ಲ. ನೀರು ಬಳಕೆದಾರರ ಸಹಕಾರ ಸಂಘಗಳು ಹುಟ್ಟಿದ್ದೇ ಈ ಜಗಳ ಬಗೆಹರಿಸಲಿಕ್ಕೆ. ಎಷ್ಟೋ ಊರಲ್ಲಿ ಅವುಗಳ ಫಲಕ ಮಾತ್ರ ಉಳಿದಿದೆ.

ಜಲಾಶಯದ ಸಾಮರ್ಥ್ಯ ಮೊದಲು ಸುಮಾರು 133 ಟಿಎಂಸಿ ಅಡಿ ಇತ್ತು. ಹೂಳು ತುಂಬಿ ಈಗ 105.788. ಗೇಟುಗಳ ಸ್ಥಿತಿ ನೋಡಿ 2025ರಲ್ಲಿ 80 ಟಿಎಂಸಿ ಅಡಿಗೇ ಸಂಗ್ರಹ ನಿಲ್ಲಿಸಬೇಕಾಯಿತು. ಹೂಳಿನ ಮಾತು ಎಲ್ಲರಿಗೂ ಇಷ್ಟ, ಯಾಕೆಂದರೆ ಅದನ್ನು ಸರಕಾರದ ಮೇಲೆ ಹೊರಿಸಬಹುದು. ಮಡಿಯಲ್ಲಿ ನಿಂತ ನೀರಿನ ಲೆಕ್ಕ ಯಾರಿಗೂ ಬೇಡ.

ಆ ನೀರು ಸುಮ್ಮನೆ ಹೋಗುವುದಿಲ್ಲ. ಎರೆ ಭೂಮಿಯಲ್ಲಿ ನೀರು ಬೇಗ ಬಸಿಯದು. ವರ್ಷಕ್ಕೆ ಎರಡು ಬೆಳೆ ಭತ್ತದ ನೀರು ನಿಲ್ಲಿಸಿದರೆ ಒಳಗಿನ ಜಲಮಟ್ಟ ಮೇಲೇರುತ್ತ ಬಂದು ಬೇರಿನ ಹತ್ತಿರ ನಿಲ್ಲುತ್ತದೆ. ಬೇಸಿಗೆಯಲ್ಲಿ ಆ ನೀರು ಆವಿಯಾಗಿ, ಅದರಲ್ಲಿದ್ದ ಉಪ್ಪು ಮೇಲೆ ಉಳಿಯುತ್ತದೆ. ಮಾರ್ಚಿನಲ್ಲಿ ಸಿರುಗುಪ್ಪದ ತಗ್ಗಿನ ಹೊಲಗಳ ಬದುವಿನ ಮೇಲೆ ನಡೆದರೆ ಚಪ್ಪಲಿಯಡಿ ಬಿಳಿ ಹೆಪ್ಪು ಪುಡಿಯಾಗುವ ಸದ್ದು ಕೇಳುತ್ತದೆ. ಅದೇ ಸವಳು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ಸಿಕ್ಕ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂದು ಕೃಷಿ ವಿಜ್ಞಾನಿಗಳು ಬಹಳ ಕಾಲದಿಂದ ಬರೆಯುತ್ತಿದ್ದಾರೆ. ನದಿಯಾಚೆ ಗಂಗಾವತಿಯ ಸಂಶೋಧನಾ ಕೇಂದ್ರ ಸವಳು ನೆಲ ಸರಿಪಡಿಸುವ ಕೆಲಸಕ್ಕೇ ನಿಂತಿದೆ. ನಮ್ಮವರು ಮಾಡುವುದು ಮಾತ್ರ ಒಂದೇ: ಲಾರಿಯಲ್ಲಿ ಜಿಪ್ಸಂ ತಂದು ಸುರಿಯುವುದು. ಜಿಪ್ಸಂ ಉಪಯೋಗಕ್ಕೆ ಬರುವುದು ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿ ಕ್ಷಾರವಾದಾಗ. ಬರೀ ಲವಣ ಹೆಚ್ಚಿದ್ದರೆ ಒಳ್ಳೆಯ ನೀರಿನಿಂದ ತೊಳೆದು ಬಸಿಗಾಲುವೆಯಲ್ಲಿ ಹೊರಗೆ ಹಾಕಬೇಕು. ನಮ್ಮದು ಯಾವುದೆಂದು ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಇನ್ನು ಬಸಿಗಾಲುವೆ? ಅದನ್ನು ಮುಚ್ಚಿ ಎರಡು ಸಾಲು ಹೆಚ್ಚು ನಾಟಿ ಮಾಡಿದವರು ನಾವೇ.

ನೀರು ಕಟ್ಟುವ ಬಗ್ಗೆ ಹೊಸದನ್ನು ಹೇಳಿದರೆ ದುಡ್ಡಿನ ಮಾತು ಬರುತ್ತದೆ. ಹಾಗಾದರೆ ದುಡ್ಡೇ ಬೇಡದ್ದನ್ನು ಹೇಳುತ್ತೇನೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ವರ್ಷಗಳಿಂದ ಹೇಳುತ್ತಿರುವ ವಿಧಾನ ಇದು. ಒಂದಡಿ ಉದ್ದದ ಪಿವಿಸಿ ಪೈಪಿನ ತುಂಡು ತೆಗೆದುಕೊಂಡು, ಕೆಳಗಿನ ಅರ್ಧಕ್ಕೆ ಸುತ್ತ ತೂತು ಕೊರೆದು, ಆ ಭಾಗ ಮಣ್ಣಿನೊಳಗೆ ಇಳಿಯುವಂತೆ ಮಡಿಯಲ್ಲಿ ಹುಗಿಯಬೇಕು. ಒಳಗಿನ ಮಣ್ಣು ತೆಗೆದರೆ ನೆಲದ ಕೆಳಗೆ ನೀರು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟಿದರಾಯಿತು. ಹೂ ಬಿಡುವಾಗ ಮಾತ್ರ ನೀರು ತಪ್ಪಬಾರದು. ನೀರಿನಲ್ಲಿ ಶೇಕಡಾ 30ರವರೆಗೆ ಉಳಿತಾಯ, ಇಳುವರಿಗೆ ಪೆಟ್ಟಿಲ್ಲ, ಗದ್ದೆಯಿಂದ ಏಳುವ ಮೀಥೇನ್ ಅನಿಲವೂ ಕಡಿಮೆ. ನಮ್ಮ ಎರೆಯಲ್ಲಿ ಒಂದು ಎಚ್ಚರ ಬೇಕು, ಭೂಮಿ ಬಾಯಿ ಬಿಟ್ಟ ಮೇಲೆ ಕಟ್ಟಿದ ನೀರು ಬಿರುಕಿನಲ್ಲಿ ಇಳಿದುಹೋಗುತ್ತದೆ, ಆದ್ದರಿಂದ ಅಷ್ಟು ಕಾಯಬಾರದು. ಪೈಪಿನ ತುಂಡಿಗೆ ಖರ್ಚು ಎಷ್ಟು? ಆದರೂ ಹುಗಿಯುವುದಿಲ್ಲ, ಯಾಕೆಂದರೆ ಹುಗಿದರೆ ದಿನಾ ಹೋಗಿ ನೋಡಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಹೇಳುವ ಕೂರಿಗೆ ಭತ್ತವೂ ಅಷ್ಟೇ, ಕೆಲವರ ಹೊಲದಲ್ಲಿ ಗೆದ್ದಿದೆ, ಉಳಿದವರು ರಸ್ತೆಯಲ್ಲಿ ನಿಂತು ನೋಡಿ ಹೋಗಿದ್ದಾರೆ.

ಗೊಬ್ಬರದ ಮಾತಿಗೆ ಬಂದರೆ ನಾಚಿಕೆಯಾಗುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಶೇಕಡಾ 46 ಸಾರಜನಕ, ಅಂದರೆ 20.7 ಕಿಲೋ. ನಿಮ್ಮ ಮಣ್ಣಿನ ಚೀಟಿ ಎಕರೆಗೆ ಎಷ್ಟು ಸಾರಜನಕ ಎಂದಿದೆಯೋ ಅದನ್ನು ಇದರಿಂದ ಭಾಗಿಸಿದರೆ ಎಷ್ಟು ಚೀಲ ಬೇಕೆಂದು ಗೊತ್ತಾಗುತ್ತದೆ. ಡಿಎಪಿಯಲ್ಲಿ ಬಂದದ್ದನ್ನು ಭಾಗಿಸುವ ಮೊದಲೇ ಕಳೆಯಬೇಕು. ಐದನೇ ತರಗತಿಯ ಹುಡುಗಿ ಮಾಡುವ ಲೆಕ್ಕ. ಬದಲಿಗೆ ಪಕ್ಕದ ಮಡಿ ಹೆಚ್ಚು ಹಸಿರು ಕಂಡಿತೆಂದು ಮತ್ತೊಂದು ಚೀಲ ಚೆಲ್ಲುತ್ತೇವೆ. ಸಾರಜನಕ ಹೆಚ್ಚಾದ ಪೈರು ಮೆತ್ತಗಾಗಿ ಬೆಂಕಿ ರೋಗಕ್ಕೆ, ಕಂದು ಜಿಗಿಹುಳಕ್ಕೆ ತಾನಾಗಿ ಕರೆ ಕೊಡುತ್ತದೆ. ಹುಳ ಕಂಡ ತಕ್ಷಣ ಸಿಕ್ಕಿದ್ದನ್ನು ಹೊಡೆಯುತ್ತೇವೆ. ಕೆಲವು ಸಿಂಥೆಟಿಕ್ ಪೈರೆಥ್ರಾಯ್ಡ್‌ಗಳು ಜಿಗಿಹುಳವನ್ನು ತಿನ್ನುವ ಜೇಡ, ತಿಗಣೆಗಳನ್ನೇ ಕೊಂದು ಹುಳವನ್ನು ಇನ್ನೂ ಹೆಚ್ಚಿಸುತ್ತವೆ. ಗೊಬ್ಬರಕ್ಕೆ ದುಡ್ಡು, ಅದು ತಂದ ರೋಗಕ್ಕೆ ದುಡ್ಡು, ಔಷಧ ತಂದ ಹುಳಕ್ಕೆ ಮತ್ತೆ ದುಡ್ಡು. ಕೊನೆಗೆ ಬೇಸಾಯದಲ್ಲಿ ಏನೂ ಉಳಿಯುವುದಿಲ್ಲ ಎನ್ನುತ್ತೇವೆ. ಉಳಿಯದೇ ಇರುವುದು ಎಲ್ಲಿ ಸೋರಿತೆಂದು ಹೇಳಲು ಕೈಯಲ್ಲಿ ಒಂದು ಹಾಳೆಯೂ ಇಲ್ಲ.

ಕೊಯ್ಲು ಯಂತ್ರ ಹೋದ ಮೇಲೆ ಕೂಳೆಗೆ ಬೆಂಕಿ. ಎರಡನೇ ಬೆಳೆಗೆ ಹೊತ್ತಾಯಿತೆಂಬ ಕಾರಣ ನಿಜವೇ. ಆದರೆ ಆ ಹೊಗೆಯಲ್ಲಿ ಹೋಗುವುದು ನೀವು ದುಡ್ಡು ಕೊಟ್ಟು ಹಾಕಿದ ಸಾರಜನಕ ಮತ್ತು ಗಂಧಕ, ಜೊತೆಗೆ ಮಣ್ಣಿಗೆ ಸೇರಬೇಕಾದ ಇಂಗಾಲ. ಊರಿನ ದನಕ್ಕೆ ಹುಲ್ಲು ಬೇಕು, ಬೇಲ್ ಮಾಡುವ ಯಂತ್ರ ಬಾಡಿಗೆಗೆ ಬರುತ್ತಿದೆ. ಕಡ್ಡಿ ಗೀರುವುದು ಸುಲಭ ಎಂಬುದಷ್ಟೇ ಉಳಿದ ಕಾರಣ.

ಕುರುಗೋಡು ಕಡೆಯ ಮೆಣಸಿನಕಾಯಿ ಹೊಲಗಳಿಗೆ ಬನ್ನಿ. 2021ರಲ್ಲಿ ಕಪ್ಪು ನುಸಿ ಆಂಧ್ರ, ತೆಲಂಗಾಣದ ಜೊತೆಗೆ ನಮ್ಮ ಹೊಲಗಳನ್ನೂ ಹಿಡಿಯಿತು. ಹೂವಿನೊಳಗೆ ಕೂತು ಕಾಯಿ ಕಟ್ಟದಂತೆ ಮಾಡುವ ಈ ನುಸಿ ಹೊರಗಿನಿಂದ ಬಂದದ್ದು, ರೈತರ ತಪ್ಪಲ್ಲ. ಆದರೆ ಅದಕ್ಕೆ ನಾವು ಕೊಟ್ಟ ಉತ್ತರ ನಮ್ಮ ತಪ್ಪು. ಆಗಿನಿಂದ ಔಷಧದ ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಮಾತು ಒಂದೇ ರೀತಿ.

"ಅಣ್ಣಾ, ಎಲಿ ಮುದುರೈತೆ, ಏನಾರ ಜೋರಿಂದು ಕೊಡು."

"ಇದು ಹೊಸಾದು. ಇದರ ಜೊತಿಗೆ ಅದನ್ನೂ ಕಲಸಿ ಹೊಡಿ, ನಾಕು ದಿನಕ್ಕೆ ಕಿಲಿಯರ್."

ಉದ್ರಿ ಇದ್ದಲ್ಲಿ ಎದುರು ಮಾತಿಲ್ಲ. ಡಬ್ಬದ ಮೇಲೆ ಚೌಕದೊಳಗೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. ಒಳಗೊಂದು ಮಡಚಿದ ಕಾಗದವಿದ್ದು, ಅದರಲ್ಲಿ ಹೊಡೆದ ಮೇಲೆ ಎಷ್ಟು ದಿನ ಕಾಯಿ ಬಿಡಿಸಬಾರದು ಎಂದು ಬರೆದಿರುತ್ತದೆ. ಕಾಗದ ಬದುವಿನ ಮೇಲೆ ಬೀಳುತ್ತದೆ, ಡಬ್ಬ ಕಾಲುವೆ ದಂಡೆಯಲ್ಲಿ. ಪಂಪು ತೊಳೆಯುವುದು ಅದೇ ಕಾಲುವೆಯಲ್ಲಿ. ಮುಂದಿನ ಊರಿನ ಕುಡಿಯುವ ನೀರಿನ ಕೆರೆ ತುಂಬುವುದು ಆ ಕಾಲುವೆಯಿಂದ ಎಂದು ತೊಳೆಯುವವನಿಗೆ ಗೊತ್ತಿಲ್ಲವೇ? ಗೊತ್ತಿದೆ. ತನ್ನ ಊರಿನ ಕೆರೆ ಮೇಲಿನ ಊರಿನವನು ತೊಳೆದ ನೀರಿನಿಂದ ತುಂಬುತ್ತದೆ ಎಂಬುದೂ ಗೊತ್ತಿದೆ. ಎಣ್ಣೆ ಹೊಡೆಯಲು ಬಂದ ಕೂಲಿ ಹುಡುಗ ಬರಿಗಾಲಲ್ಲಿ, ಮೂಗಿಗೆ ಟವೆಲ್ ಸುತ್ತಿ, ಗಾಳಿಗೆ ಎದುರಾಗಿ ಹೊಡೆಯುತ್ತಾನೆ. ಮರುದಿನ ಅದೇ ಸಾಲಿನಲ್ಲಿ ಹೆಣ್ಣುಮಕ್ಕಳು ಕಳೆ ತೆಗೆಯಲು ಕೂರುತ್ತಾರೆ, ನಿನ್ನೆ ಏನು ಹೊಡೆದಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಇದನ್ನು ಬಡತನ ಎನ್ನಬೇಡಿ. ಒಂದು ಜೊತೆ ಕೈಗವಸು, ಒಂದು ಮಾಸ್ಕ್ ಒಂದು ಡಬ್ಬ ಔಷಧದ ಬೆಲೆಯಷ್ಟೂ ಇಲ್ಲ. ಇದು ಇನ್ನೊಬ್ಬರ ಜೀವದ ಬಗ್ಗೆ ಇರುವ ಉದಾಸೀನ.

ಕಾಯಿ ಕಳಕ್ಕೆ ಬಂದ ಮೇಲೂ ಬುದ್ಧಿ ಬರುವುದಿಲ್ಲ. ಬರಿ ನೆಲದ ಮೇಲೆ ಒಣಗಿಸಿ, ರಾತ್ರಿ ಇಬ್ಬನಿಗೆ ಬಿಟ್ಟು, ತುಂಬುವ ಮುಂಚೆ ತೂಕಕ್ಕೆಂದು ನೀರು ಚಿಮುಕಿಸುತ್ತಾರೆ. ಹಸಿ ಉಳಿದ ಕಾಯಿಗೆ ಬೂಷ್ಟು ಬಂದು ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ. ಅದು ಕುದಿಸಿದರೆ ಹೋಗುವಂಥದ್ದಲ್ಲ. ಐರೋಪ್ಯ ಒಕ್ಕೂಟದಲ್ಲಿ ಸಾಂಬಾರ ಪದಾರ್ಥಕ್ಕೆ ಇದರ ಒಟ್ಟು ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ಬ್ಯಾಡಗಿ ಕಾಯಿಯ ಬಣ್ಣ ತೆಗೆದು ಹೊರದೇಶಕ್ಕೆ ಕಳಿಸುವ ಕಾರ್ಖಾನೆಯಲ್ಲಿ ಕಾಯಿಯ ಸಾರ ಗಟ್ಟಿಯಾಗುವಾಗ ಕೀಟನಾಶಕದ ಶೇಷವೂ ಗಟ್ಟಿಯಾಗುತ್ತದೆ. ಅದಕ್ಕೇ ಅವರು ಎಲ್ಲಿಂದ ಬಂತು, ಏನು ಹೊಡೆದಿದೆ ಎಂದು ಕೇಳುತ್ತಾರೆ. ಉತ್ತರ ಕೊಡುವವನಿಗೆ ಒಂದು ದರ, ಕೊಡಲಾಗದವನಿಗೆ ಇನ್ನೊಂದು. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಆ ಸಿಟ್ಟಿನಲ್ಲಿ ನ್ಯಾಯ ಇರಬಹುದು. ಬಳ್ಳಾರಿಗೇ ಮೆಣಸಿನಕಾಯಿ ಮಾರುಕಟ್ಟೆ ಬೇಕೆಂಬ ಬೇಡಿಕೆಯಲ್ಲಂತೂ ಪೂರ್ತಿ ನ್ಯಾಯವಿದೆ. ಆದರೆ ಮಾರುಕಟ್ಟೆ ಮನೆಬಾಗಿಲಿಗೆ ಬಂದರೂ ಚೀಲದೊಳಗಿನ ಕಾಯಿಗೆ ಚರಿತ್ರೆ ಇಲ್ಲದಿದ್ದರೆ ದರ ಏರುವುದು ಹೇಗೆ?

ಭತ್ತದವರು ತಮಗೆ ಇದು ಸಂಬಂಧವಿಲ್ಲ ಎಂದುಕೊಳ್ಳುವುದು ಬೇಡ. ಬೆಂಕಿ ರೋಗಕ್ಕೆ ನಾವೆಲ್ಲ ಹೊಡೆಯುವ ಟ್ರೈಸೈಕ್ಲಜೋಲ್‌ನ ಮಿತಿಯನ್ನು 2017ರಲ್ಲಿ ಐರೋಪ್ಯ ಒಕ್ಕೂಟ ಕಿಲೋಗೆ 1 ಮಿಲಿಗ್ರಾಂನಿಂದ 0.01ಕ್ಕೆ ಇಳಿಸಿತು. ಪೆಟ್ಟು ತಿಂದದ್ದು ಉತ್ತರದ ಬಾಸ್ಮತಿ. ನಮ್ಮ ಸೋನಾ ಮಸೂರಿ ಹೆಚ್ಚಾಗಿ ನಮ್ಮವರ ಹೊಟ್ಟೆಗೇ ಹೋಗುತ್ತದೆ, ಆದ್ದರಿಂದ ಯಾರೂ ತಪಾಸಣೆ ಮಾಡಲಿಲ್ಲ. ನಮ್ಮ ಮಕ್ಕಳು ತಿನ್ನುವುದಕ್ಕೆ ತಪಾಸಣೆ ಬೇಡ ಎಂಬುದು ಯಾವ ಧರ್ಮ?

ಗುಣಮಟ್ಟ ನಿರ್ವಹಣೆ, ಪರಿಸರ ನಿರ್ವಹಣೆ ಎಂದರೆ ನಮ್ಮವರಿಗೆ ಬೆಂಗಳೂರಿನ ಹೋಟೆಲಿನಲ್ಲಿ ನಡೆಯುವ ಸಭೆಯ ಮಾತು ಅನ್ನಿಸುತ್ತದೆ. ಒಳಗಿರುವುದು ಇಷ್ಟೇ. 1996ರಲ್ಲಿ ಬಂದು 2015ರಲ್ಲಿ ಪರಿಷ್ಕಾರವಾದ ಐಎಸ್ಒ 14001 ಎಂಬ ಪರಿಸರ ನಿರ್ವಹಣೆಯ ಮಾನದಂಡ ಕೇಳುವುದೇನೆಂದರೆ, ನಿನ್ನ ಕೆಲಸದಿಂದ ನೀರು, ಮಣ್ಣು, ಗಾಳಿಗೆ ಏನಾಗುತ್ತಿದೆ ಎಂದು ಗುರುತಿಸು, ಈ ವರ್ಷ ಏನು ಕಡಿಮೆ ಮಾಡುತ್ತೀಯೆಂದು ಬರೆ, ಅಳೆ, ತಪ್ಪಿದ್ದರೆ ತಿದ್ದು, ಮರುವರ್ಷ ಮತ್ತೆ ಅದನ್ನೇ ಮಾಡು. 1997ರಲ್ಲಿ ಯುರೋಪಿನ ಅಂಗಡಿಗಳು ಸೇರಿ ಶುರು ಮಾಡಿ ಈಗ ಗ್ಲೋಬಲ್‌ಗ್ಯಾಪ್ ಆಗಿರುವ ಉತ್ತಮ ಬೇಸಾಯದ ಪ್ರಮಾಣಪತ್ರ ಪದ್ಧತಿ, ನಮ್ಮ ಭಾರತೀಯ ಗುಣಮಟ್ಟ ಮಂಡಳಿಯ ಇಂಡ್‌ಗ್ಯಾಪ್, ಎರಡಕ್ಕೂ ತಳಹದಿ ಹೊಲದ ಪುಸ್ತಕವೇ. ಸಾವಯವದವರಿಗೆ ಪಿಜಿಎಸ್-ಇಂಡಿಯಾ ಇದೆ: ಒಂದೇ ಊರಿನ ಕನಿಷ್ಠ ಐವರು ರೈತರು ಗುಂಪಾಗಿ ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡಿ ಸಹಿ ಹಾಕುವುದು. ಪಕ್ಕದ ಹೊಲದವನು ನನ್ನ ಲೆಕ್ಕ ನೋಡಬಾರದು ಎಂಬ ಹಮ್ಮು ಇರುವ ಊರಲ್ಲಿ ಇದು ನಡೆಯದು.

ಪುಸ್ತಕದಲ್ಲಿ ಏನಿರಬೇಕು? ಒಂದು ಸಾಲು ಹೀಗೆ: ಹಳ್ಳದ ಕಡೆಯ ಎರೆ, ಎರಡು ಎಕರೆ, ಮೆಣಸಿನಕಾಯಿ, ತಾರೀಖು, ಹೂವಿನಲ್ಲಿ ನುಸಿ ಕಂಡದ್ದು, ಹತ್ತು ಗಿಡ ಎಣಿಸಿ ಎಷ್ಟು, ಔಷಧದ ಹೆಸರು, ಲೀಟರಿಗೆ ಎಷ್ಟು, ಎಷ್ಟು ಪಂಪು, ಹೊಡೆದವರು ಯಾರು, ಕಾಯಿ ಬಿಡಿಸಬಹುದಾದ ದಿನ, ಖರ್ಚು. ಬರೆಯಲು ಮೂರು ನಿಮಿಷ ಸಾಕು. ಗಂಡ ಬರೆಯದಿದ್ದರೆ ಹೆಂಡತಿ, ಅವರಿಬ್ಬರಿಗೂ ಆಗದಿದ್ದರೆ ಹೈಸ್ಕೂಲಿನ ಮಗಳು. ಒಂದು ಹಂಗಾಮು ಹೀಗೆ ಬರೆದವರಿಗೆ ಯಾವ ಸಿಂಪಡಣೆ ದಂಡವಾಯಿತೆಂದು ತಾನಾಗಿ ಕಾಣುತ್ತದೆ. ಪ್ರಮಾಣಪತ್ರಕ್ಕಾಗಿ ಪರಿಶೀಲಕ ಬರುವ ಹಿಂದಿನ ರಾತ್ರಿ ಕೂತು ಆರು ತಿಂಗಳಿನದನ್ನು ಒಂದೇ ಪೆನ್ನಿನಲ್ಲಿ ಬರೆಯುವ ಕಳ್ಳಾಟ ಮಾತ್ರ ಬೇಡ. ಅದಕ್ಕಿಂತ ಬರೆಯದೇ ಇರುವುದು ಮೇಲು.

ಬೈಗುಳ ರೈತನೊಬ್ಬನಿಗೇ ಅಲ್ಲ. 2015ರ ಫೆಬ್ರುವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ನೀರಾವರಿ ಭೂಮಿಗೆ ಎರಡೂವರೆ ಹೆಕ್ಟೇರಿಗೆ ಒಂದು, ಮಳೆಯಾಶ್ರಿತಕ್ಕೆ ಹತ್ತು ಹೆಕ್ಟೇರಿಗೆ ಒಂದು ಮಾದರಿ ತೆಗೆದು ಆ ಚೌಕದ ಎಲ್ಲರಿಗೂ ಅದೇ ಫಲಿತಾಂಶ ಹಂಚಿದರು. ಅಂದರೆ ನಿಮ್ಮ ಟ್ರಂಕಿನಲ್ಲಿರುವ ಚೀಟಿ ನಿಮ್ಮ ಹೊಲದ್ದೇ ಎಂದು ಹೇಳಲಾಗದು. ಸವಳು ಒಂದೇ ಹೊಲದ ಎರಡು ತುದಿಯಲ್ಲಿ ಎರಡು ಥರ ಇರುವ ಸೀಮೆಯಲ್ಲಿ ಇಂಥ ಚೀಟಿ ಹಂಚಿ ಗುರಿ ಮುಟ್ಟಿದೆವೆಂದು ವರದಿ ಕಳಿಸಿದ ಇಲಾಖೆ ತನ್ನ ಕೆಲಸಕ್ಕೆ ತಾನು ಅಗೌರವ ಮಾಡಿಕೊಂಡಿತು. ಔಷಧದ ಅಂಗಡಿಯವರು ಬಿಲ್ಲಿನ ಮೇಲೆ ಯಾವ ಬೆಳೆಗೆ, ಯಾವ ಕೀಟಕ್ಕೆ ಎಂದು ಒಂದು ಸಾಲು ಬರೆಯಲಿ. ಬರೆಯಲು ಹಿಂಜರಿಯುವ ಸಲಹೆಯನ್ನು ಬಾಯಲ್ಲೂ ಕೊಡಬಾರದು. ಬಳ್ಳಾರಿ ನಗರದಲ್ಲಿ ಅಕ್ಕಿ ಬೆಳ್ಳಗಿರಬೇಕು, ಕಾಯಿ ಕೆಂಪಗಿರಬೇಕು, ಅಗ್ಗವಾಗಿರಬೇಕು ಎಂದು ಕೇಳುವ ನಾವು, ಅದಕ್ಕೆ ಏನು ಹೊಡೆದಿದ್ದಾರೆ ಎಂದು ಕೇಳಿದ್ದು ಯಾವಾಗ? ಕೇಳುವ ಗಿರಾಕಿ ಇಲ್ಲದ ಕಡೆ ಬರೆಯುವ ರೈತ ಹುಟ್ಟುವುದಿಲ್ಲ.

ಮುಂಗಾರಿಗೆ ಕಾಲುವೆ ನೀರು ಬಿಡುವ ಮೊದಲು, ಹೊಲ ಖಾಲಿ ಇರುವಾಗಲೇ ಮಣ್ಣು ತೆಗೆಯಿರಿ. ಗೊಬ್ಬರದ ಗುಂಡಿ, ಬದು, ಮರದ ಬುಡ ಬಿಟ್ಟು ಎಂಟು-ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಗೇಣುದ್ದ ಅಗೆದು, ಒಂದು ಮಗ್ಗುಲಿನ ಪದರ ಕೆತ್ತಿ, ಎಲ್ಲ ಸೇರಿಸಿ ನೆರಳಲ್ಲಿ ಒಣಗಿಸಿ. ಗುಡ್ಡೆ ಮಾಡಿ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕಿಲೋ ಉಳಿಸಿ. ಬಿಳಿ ಹೆಪ್ಪು ಕಂಡ ಜಾಗದ್ದನ್ನು ಬೇರೆ ಚೀಲದಲ್ಲಿ ಕಟ್ಟಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಸಿರುಗುಪ್ಪದ ಸಂಶೋಧನಾ ಕೇಂದ್ರಕ್ಕೋ ಒಯ್ದು, ಸಾರಜನಕ, ರಂಜಕ, ಪೊಟ್ಯಾಷ್ ಅಷ್ಟೇ ಅಲ್ಲ, ರಸಸಾರವೆಷ್ಟು, ಲವಣಾಂಶವೆಷ್ಟು, ಇದು ಉಪ್ಪಿನ ನೆಲವೋ ಕ್ಷಾರದ ನೆಲವೋ ಎಂದು ಬರೆಸಿಕೊಂಡು ಬನ್ನಿ. ಮಾದರಿ ಒಯ್ದ ತಾರೀಖನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ವರದಿ ಬರುವುದು ತಡವಾದರೆ ಮತ್ತೆ ಹೋಗಿ ಕೇಳಿ.